ಜೇನಿನ ನುಸಿಗೆ ಬೂಸ್ಟಿನ ಮದ್ದು: ಪಾಲ್ ಸ್ಟಾಮೆಟ್ಸ್ ಹಿಡಿದ ದಾರಿ ಎಲ್ಲಿವರೆಗೆ ಬಂತು?

(ಈ ವಾರದ ಸಂಚಿಕೆಯ ಬರಹ ರೂಪ. ಕೇಳೋಕೆ ಆಗದವರು ಇಲ್ಲೇ ಓದಿಕೊಳ್ಳಬಹುದು.)

ಇವತ್ತು ಒಂದು ನುಸಿ, ಒಂದು ಬೂಸ್ಟು, ಒಬ್ಬ ಅಣಬೆ ಪಂಡಿತ. ಈ ಮೂವರ ಕಥೆ.

2025ರ ಆರಂಭದಲ್ಲಿ ಅಮೆರಿಕದ ಜೇನುಕೃಷಿಕರು ಚಳಿಗಾಲ ಕಳೆದು ಪೆಟ್ಟಿಗೆ ತೆಗೆದು ನೋಡಿದಾಗ ಒಳಗೆ ಜೇನುನೊಣಗಳೇ ಇರಲಿಲ್ಲ. ದೊಡ್ಡ ಪ್ರಮಾಣದಲ್ಲಿ ಜೇನು ಸಾಕುವವರು ಕೆಲವೇ ತಿಂಗಳಲ್ಲಿ ಸರಾಸರಿ ಶೇ. 60ಕ್ಕೂ ಹೆಚ್ಚು ಕುಟುಂಬ ಕಳಕೊಂಡಿದ್ದರು. ಅದು ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಿಗೆ ಜೇನು ಪೆಟ್ಟಿಗೆ ಬಾಡಿಗೆಗೆ ಕಳಿಸೋ ಸಮಯ. ಅಲ್ಲಿನ ಜೇನುಕೃಷಿಕನ ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಜೇನುತುಪ್ಪದಿಂದ ಅಲ್ಲ, ಈ ಬಾಡಿಗೆಯಿಂದ ಬರುತ್ತೆ.

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಸತ್ತ ಕುಟುಂಬಗಳ ಮಾದರಿ ಪರೀಕ್ಷಿಸಿದರು. ಎರಡು ವಿಷಯ ಸಿಕ್ಕವು. ಒಂದು, ಜೇನಿನ ಮೈಯಲ್ಲಿ ವೈರಸ್ ತುಂಬಿಕೊಂಡಿತ್ತು. ಎರಡು, ಆ ವೈರಸ್ ಹರಡೋ ನುಸಿಗಳು ಅಲ್ಲಿ ಅತಿ ಹೆಚ್ಚು ಬಳಸುವ ಅಮಿಟ್ರಾಜ್ ಅನ್ನೋ ಔಷಧಕ್ಕೆ ಜಗ್ಗದ ಹಾಗೆ ಆಗಿಬಿಟ್ಟಿದ್ದವು. ಹಾಗಾದರೆ ಮುಂದಿನ ಔಷಧ ಯಾವುದು? ಪಾಲ್ ಸ್ಟಾಮೆಟ್ಸ್ ಹೆಸರು ಬರೋದು ಈ ಪ್ರಶ್ನೆಗೆ.

ಯಾರಪ್ಪಾ ಇವರು?

ನೀವು ‘ಸ್ಟಾರ್ ಟ್ರೆಕ್: ಡಿಸ್ಕವರಿ’ ನೋಡಿದ್ದರೆ ಈ ಹೆಸರು ಕೇಳಿರ್ತೀರಿ. 2017ರಲ್ಲಿ ಶುರುವಾದ ಆ ಸರಣಿಯಲ್ಲಿ ಶಿಲೀಂಧ್ರಗಳ ಜಾಲ ಬಳಸಿ ಅಂತರಿಕ್ಷ ನೌಕೆ ಓಡಿಸೋ ವಿಜ್ಞಾನಿಯ ಹೆಸರು ಪಾಲ್ ಸ್ಟಾಮೆಟ್ಸ್. ಆ ಪಾತ್ರಕ್ಕೆ ಹೆಸರು ಬಂದಿದ್ದು ಈ ಅಸಲಿ ಮನುಷ್ಯನಿಂದ. 1955ರಲ್ಲಿ ಹುಟ್ಟಿದ ಸ್ಟಾಮೆಟ್ಸ್ ಇರೋದು ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ. ಓದಿದ್ದು ಎವರ್‌ಗ್ರೀನ್ ಸ್ಟೇಟ್ ಕಾಲೇಜಿನಲ್ಲಿ. ವಿಶ್ವವಿದ್ಯಾಲಯದ ಪ್ರೊಫೆಸರ್ ಅಲ್ಲ. ಅಣಬೆ ಬೆಳೀತಾರೆ, ಪುಸ್ತಕ ಬರೀತಾರೆ, ‘ಫಂಗೈ ಪರ್ಫೆಕ್ಟೈ’ ಅನ್ನೋ ಕಂಪನಿ ನಡೆಸ್ತಾರೆ, ಪೇಟೆಂಟ್ ತಗೊಳ್ತಾರೆ. 2008ರ ಅವರ ಟೆಡ್ ಭಾಷಣವನ್ನು ಲಕ್ಷಗಟ್ಟಲೆ ಜನ ನೋಡಿದ್ದಾರೆ.

ಅವರ ಕಂಪನಿ ಅಣಬೆಯಿಂದ ಮಾಡಿದ ಆರೋಗ್ಯ ಉತ್ಪನ್ನಗಳನ್ನೂ ಮಾರುತ್ತೆ. ಈ ಮಾತು ನೆನಪಲ್ಲಿರಲಿ, ಕೊನೆಗೆ ಬೇಕಾಗುತ್ತೆ.

ಮೊದಲು ಶತ್ರುವಿನ ಪರಿಚಯ

ತೆಂಗಿನಕಾಯಿ ಮೇಲೆ ಕಂದು ಮಚ್ಚೆ ಬಿದ್ದು ಕಾಯಿ ಸೊರಗೋ ‘ನುಸಿ ರೋಗ’ ತೆಂಗು ಬೆಳೆಯೋ ಮನೆಯವರಿಗೆಲ್ಲ ಗೊತ್ತು. ಆ ನುಸಿ ಕಣ್ಣಿಗೆ ಕಾಣಲ್ಲ. ಜೇನಿನ ನುಸಿ ಹಾಗಲ್ಲ, ಕಾಣುತ್ತೆ. ಕೆಂಗಂದು ಬಣ್ಣ, ಅಗಲ ಒಂದೂವರೆ ಮಿಲಿಮೀಟರ್ ಆಸುಪಾಸು, ಚಪ್ಪಟೆ ಏಡಿಯ ಹಾಗೆ. ಜೇನಿನ ದೇಹದ ಗಾತ್ರಕ್ಕೆ ಹೋಲಿಸಿದರೆ ಇದು ತುಂಬಾ ದೊಡ್ಡ ಜೀವಿ. ನಮ್ಮ ಮೈಮೇಲೆ ಒಂದು ಊಟದ ತಟ್ಟೆಯಷ್ಟು ದೊಡ್ಡ ಉಣ್ಣೆ ಕಚ್ಚಿ ಕೂತಿದೆ ಅಂದುಕೊಳ್ಳಿ.

ಹೆಸರು ವರೋವಾ. ವರೋವಾ ಡಿಸ್ಟ್ರಕ್ಟರ್. ಹೆಸರಲ್ಲೇ ‘ನಾಶಕ’ ಇದೆ. ಇದರ ಮೂಲ ಮನೆ ನಮ್ಮ ಏಷ್ಯಾ. ನಾವು ತುಡುವೆ ಅಂತ ಕರೆಯೋ ಏಷ್ಯಾದ ಜೇನಿನ ಮೇಲೆ ಬಾಳ್ತಾ ಇದ್ದದ್ದು. ತುಡುವೆಗೂ ನುಸಿಗೂ ಸಾವಿರಾರು ವರ್ಷಗಳ ಒಡನಾಟ. ತುಡುವೆ ಜೇನುಗಳು ಒಂದರ ಮೈ ಇನ್ನೊಂದು ಉಜ್ಜಿ ನುಸಿ ತೆಗೀತಾವೆ. ನುಸಿ ಅಲ್ಲಿ ಹೆಚ್ಚಾಗಿ ಗಂಡು ಮರಿಗಳ ಕೋಣೆಯಲ್ಲಷ್ಟೇ ಸಂತಾನ ಬೆಳೆಸಬಲ್ಲದು. ಹಾಗಾಗಿ ಇಬ್ಬರೂ ಬದುಕ್ತಾರೆ.

ಕಳೆದ ಶತಮಾನದಲ್ಲಿ ಮನುಷ್ಯರು ಯುರೋಪಿಯನ್ ಜೇನನ್ನು, ಅಂದರೆ ಮೆಲ್ಲಿಫೆರಾ ಜೇನನ್ನು ಏಷ್ಯಾಕ್ಕೆ ತಂದು ಸಾಕಿದರು. ನುಸಿ ಪಕ್ಕದ ಮನೆಗೆ ಹಾರಿತು. ಆ ಜೇನಿಗೆ ಈ ಶತ್ರುವಿನ ಪರಿಚಯವೇ ಇರಲಿಲ್ಲ. ಅಲ್ಲಿಂದ ಜೇನು ವ್ಯಾಪಾರದ ಬೆನ್ನೇರಿ ಯುರೋಪ್, 1987ರಲ್ಲಿ ಅಮೆರಿಕ, 2000ದಲ್ಲಿ ನ್ಯೂಜಿಲೆಂಡ್. ಆಸ್ಟ್ರೇಲಿಯಾ ಬಹಳ ಕಾಲ ತಪ್ಪಿಸಿಕೊಂಡಿತ್ತು. 2022ರ ಜೂನ್‌ನಲ್ಲಿ ನ್ಯೂಕಾಸಲ್ ಬಂದರಿನಲ್ಲಿ ಅಲ್ಲೂ ಸಿಕ್ಕಿತು. ಸಾವಿರಾರು ಪೆಟ್ಟಿಗೆ ನಾಶ ಮಾಡಿ ನೋಡಿದರು. ಆಗಲಿಲ್ಲ. 2023ರಲ್ಲಿ ‘ಇದನ್ನು ಇನ್ನು ಪೂರ್ತಿ ಅಳಿಸೋಕೆ ಆಗಲ್ಲ, ಇಟ್ಟುಕೊಂಡೇ ಬಾಳಬೇಕು’ ಅಂತ ಅಲ್ಲಿನ ಸರ್ಕಾರ ಒಪ್ಪಿಕೊಂಡಿತು.

ನುಸಿ ಮಾಡೋದೇನು? ಜೇನಿನ ಮರಿಹುಳು ಬೆಳೆದು, ಕೆಲಸಗಾರ ಜೇನುಗಳು ಎರಿಯ ಆ ಕೋಣೆಗೆ ಮೇಣದ ಮುಚ್ಚಳ ಹಾಕೋಕೆ ಸ್ವಲ್ಪ ಮೊದಲು ತಾಯಿ ನುಸಿ ಒಳಗೆ ನುಸುಳುತ್ತೆ. ಮುಚ್ಚಳ ಬಿದ್ದ ಮೇಲೆ ಅದಕ್ಕೆ ಒಳಗೆ ಸುರಕ್ಷಿತ ಹೆರಿಗೆ ಕೋಣೆ, ಪಕ್ಕದಲ್ಲೇ ಊಟ. ಜೇನು ಹೊರಬರುವಾಗ ನುಸಿಯ ಹೆಣ್ಣು ಮಕ್ಕಳೂ ಜೊತೆಗೇ ಹೊರಬರ್ತಾವೆ. ಇದು ಜೇನಿನ ರಕ್ತ ಹೀರುತ್ತೆ ಅಂತ ಬಹಳ ವರ್ಷ ನಂಬಿದ್ದರು. ಸ್ಯಾಮುಯೆಲ್ ರಾಮ್ಸೆ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದ್ದು ಬೇರೆ: ಅದು ಮುಖ್ಯವಾಗಿ ತಿನ್ನೋದು ಜೇನಿನ ಕೊಬ್ಬಿನ ಅಂಗಾಂಶವನ್ನು. ನಮಗೆ ಲಿವರ್ ಇದ್ದ ಹಾಗೆ ಜೇನಿಗೆ ಅದು. ರೋಗ ನಿರೋಧಕ ಶಕ್ತಿ, ಚಳಿಗಾಲಕ್ಕೆ ಕೂಡಿಟ್ಟ ಪೌಷ್ಟಿಕಾಂಶ ಎಲ್ಲಾ ಅಲ್ಲೇ.

ಅದರ ಮೇಲೆ ವೈರಸ್. ನುಸಿ ಕಚ್ಚಿದ ಗಾಯದಿಂದ ವೈರಸ್ ನೇರ ಮೈಯೊಳಗೆ ಹೋಗುತ್ತೆ, ಬಳಸಿದ ಸಿರಿಂಜ್ ಮತ್ತೆ ಚುಚ್ಚಿದ ಹಾಗೆ. ಇದರಲ್ಲಿ ಕುಖ್ಯಾತ ಅಂದರೆ ಡಿಫಾರ್ಮ್ಡ್ ವಿಂಗ್ ವೈರಸ್. ಇದು ತಗುಲಿದ ಜೇನು ಮುರುಟಿದ ರೆಕ್ಕೆ ಹೊತ್ತು ಹುಟ್ಟುತ್ತೆ. ಹಾರೋಕೆ ಆಗಲ್ಲ, ಕೆಲವೇ ದಿನದಲ್ಲಿ ಸಾಯುತ್ತೆ.

ಔಷಧ ಹಾಕಿದರೆ ಆಗಲ್ವಾ?

ಆಗುತ್ತೆ. ಆದರೆ ಕಷ್ಟ ಎಲ್ಲಿದೆ ನೋಡಿ. ಜೇನು ಆರು ಕಾಲಿನ ಜೀವಿ, ನುಸಿ ಎಂಟು ಕಾಲಿನದು. ಆದರೂ ಇಬ್ಬರೂ ಸಂಧಿಪದಿಗಳ ಗುಂಪಿಗೇ ಸೇರಿದವರು. ಒಂದು ಪುಟ್ಟ ಜೀವಿಯ ಮೈಮೇಲಿರೋ ಇನ್ನೊಂದು ಪುಟ್ಟ ಜೀವಿಯನ್ನು ಮಾತ್ರ ಕೊಲ್ಲಬೇಕು, ಅದೂ ನಾವು ತಿನ್ನೋ ಜೇನುತುಪ್ಪ ಇರೋ ಪೆಟ್ಟಿಗೆಯ ಒಳಗೆ. ಫ್ಲುವಾಲಿನೇಟ್, ಕೌಮಾಫಾಸ್, ಅಮಿಟ್ರಾಜ್ ಹೀಗೆ ಒಂದೊಂದೇ ರಾಸಾಯನಿಕ ಬಂತು. ಪ್ರತಿ ಸಲವೂ ಬದುಕುಳಿದ ಗಟ್ಟಿ ನುಸಿಗಳ ಸಂತಾನ ಬೆಳೆದು ಔಷಧ ನಾಟದಂತಾಯ್ತು. ಕೆಲವು ರಾಸಾಯನಿಕ ಮೇಣದಲ್ಲೇ ಉಳಿದುಬಿಡುತ್ತೆ. ಫಾರ್ಮಿಕ್ ಆಮ್ಲ, ಆಕ್ಸಾಲಿಕ್ ಆಮ್ಲ, ಅಜವಾನದಲ್ಲೂ ಸಿಗೋ ಥೈಮಾಲ್ ಇವೆ. ಚೆನ್ನಾಗಿಯೇ ಕೆಲಸ ಮಾಡ್ತವೆ. ಆದರೆ ಹವೆ, ಅಳತೆ, ಸಮಯ ನೋಡಿಕೊಂಡು ಹಾಕಬೇಕು. ತಪ್ಪಿದರೆ ಜೇನಿಗೂ ರಾಣಿಗೂ ಪೆಟ್ಟು.

ಅಡುಗೆಮನೆಯಿಂದ ಪೇಟೆಂಟ್‌ವರೆಗೆ

ಸ್ಟಾಮೆಟ್ಸ್ ಕಥೆ ಶುರುವಾಗೋದು ಜೇನಿನಿಂದ ಅಲ್ಲ, ಇರುವೆಯಿಂದ. ಅವರ ಮರದ ಮನೆಗೆ ಕಾರ್ಪೆಂಟರ್ ಇರುವೆ ಹತ್ತಿತ್ತು. ಇವು ಮರ ಕೊರೆದು ಒಳಗೆ ಗೂಡು ಕಟ್ಟೋ ಇರುವೆಗಳು. ನಮ್ಮಲ್ಲಿ ಗೆದ್ದಲು ಕೊಡೋ ಕಾಟ ಅಂದುಕೊಳ್ಳಿ.

ಕೀಟ ಕೊಲ್ಲೋ ಶಿಲೀಂಧ್ರ ಅನ್ನೋದು ಆಗ ಹೊಸ ವಿಷಯ ಏನೂ ಆಗಿರಲಿಲ್ಲ. ಎಲೀ ಮೆಚ್ನಿಕಾಫ್ 1879ರಲ್ಲೇ ಗೋಧಿ ತಿನ್ನೋ ದುಂಬಿಯ ಮೇಲೆ ಹಸಿರು ಬೂಸ್ಟು ಪ್ರಯೋಗಿಸಿದ್ದರು. ಮುಂದೆ 1908ರಲ್ಲಿ ನೊಬೆಲ್ ಪಡೆದ, ಮೊಸರು ತಿಂದರೆ ಆಯಸ್ಸು ಹೆಚ್ಚುತ್ತೆ ಅಂತ ಪ್ರಚಾರ ಮಾಡಿದ ಅದೇ ಮೆಚ್ನಿಕಾಫ್. ಆ ಹಸಿರು ಬೂಸ್ಟಿನ ಹೆಸರು ಮೆಟಾರೈಜಿಯಂ.

ಇದು ಕೆಲಸ ಮಾಡೋ ರೀತಿ ಸ್ವಲ್ಪ ಭಯಾನಕ. ಇದರ ಬೀಜಕ, ಅಂದರೆ ಪುಡಿಯಂಥ ಸ್ಪೋರ್, ಕೀಟದ ಮೈಗೆ ಅಂಟುತ್ತೆ. ಮೊಳಕೆ ಒಡೆಯುತ್ತೆ. ಕೀಟದ ಗಟ್ಟಿ ಚರ್ಮವನ್ನು ಕಿಣ್ವಗಳಿಂದ ಕರಗಿಸಿ, ಒತ್ತಿ, ತೂತು ಮಾಡಿ ಒಳಗೆ ಇಳಿಯುತ್ತೆ. ಒಳಗೆಲ್ಲ ಎಳೆ ಹರಡಿ ಕೆಲವೇ ದಿನಗಳಲ್ಲಿ ಕೊಲ್ಲುತ್ತೆ. ಆಮೇಲೆ ಸತ್ತ ಕೀಟದ ಮೈಯಿಂದ ಹೊರಬಂದು ಹಸಿರು ಪುಡಿ ಹೊದಿಸುತ್ತೆ.

ಸಮಸ್ಯೆ ಏನಪ್ಪಾ ಅಂದರೆ ಇರುವೆ, ಗೆದ್ದಲು ದಡ್ಡ ಅಲ್ಲ. ಬೀಜಕದ ವಾಸನೆ ಬಂದರೆ ದೂರ ಸರೀತಾವೆ. ಬೀಜಕ ಹತ್ತಿದ ಸಂಗಾತಿಯನ್ನು ಗೂಡಿನೊಳಗೆ ಬಿಟ್ಟುಕೊಳ್ಳಲ್ಲ. ಸ್ಟಾಮೆಟ್ಸ್ ತಿರುಗಿಸಿ ಯೋಚಿಸಿದರು. ಬೀಜಕ ಬಿಡೋಕೆ ಮೊದಲಿನ ಹಂತದ ಶಿಲೀಂಧ್ರ ಕೊಟ್ಟರೆ ಹೇಗೆ? ಆ ಹಂತದಲ್ಲಿ ಅದು ಬರೀ ಬಿಳಿ ಎಳೆಗಳ ಜಾಲ. ಇದಕ್ಕೆ ಮೈಸೀಲಿಯಂ ಅಂತಾರೆ. ಬೀಜಕ ತಡವಾಗಿ ಬಿಡೋ ತಳಿ ಆರಿಸಿ, ಧಾನ್ಯದ ಮೇಲೆ ಬೆಳೆಸಿ, ಮಗಳ ಗೊಂಬೆ ಮನೆಯ ಪುಟ್ಟ ತಟ್ಟೆಯಲ್ಲಿ ಇಟ್ಟರು. ಇರುವೆಗಳು ಓಡಿಹೋಗೋ ಬದಲು ಅದನ್ನೇ ಊಟ ಅಂತ ಗೂಡಿಗೆ ಹೊತ್ತುಕೊಂಡು ಹೋದವು. ಮನೆಯಲ್ಲಿ ಮರದ ಪುಡಿ ಉದುರೋದು ನಿಂತಿತು ಅಂತ ಅವರು ಟೆಡ್ ಭಾಷಣದಲ್ಲಿ ಹೇಳಿಕೊಂಡಿದ್ದಾರೆ.

2003ರಲ್ಲಿ ‘ಮೈಕೊಪೆಸ್ಟಿಸೈಡ್ಸ್’ ಹೆಸರಿನ ಪೇಟೆಂಟ್ ಅವರಿಗೆ ಸಿಕ್ಕಿತು. ಮೈಕೊ ಅಂದರೆ ಶಿಲೀಂಧ್ರ. ಶಿಲೀಂಧ್ರದ ಕೀಟನಾಶಕ ಅಂತ ಅರ್ಥ. ಹೊಸತನ ಇದ್ದಿದ್ದು ಶಿಲೀಂಧ್ರದಲ್ಲಿ ಅಲ್ಲ, ಅದನ್ನು ಯಾವ ವಯಸ್ಸಿನಲ್ಲಿ ಕೊಡಬೇಕು ಅನ್ನೋದರಲ್ಲಿ. ಆದರೆ ಒಂದು ಮನೆಯಲ್ಲಿ ಒಂದು ಸಲ ಇರುವೆ ಹೋಯ್ತು ಅನ್ನೋದು ಒಳ್ಳೆ ಸುಳಿವು, ಅಷ್ಟೇ. ಪುರಾವೆ ಬೇಕು ಅಂದರೆ ಔಷಧ ಕೊಟ್ಟ ಗುಂಪು, ಕೊಡದ ಗುಂಪು ಅಂತ ಎರಡು ಮಾಡಿ ಹೋಲಿಸಬೇಕು. ಜೇನಿನ ವಿಷಯದಲ್ಲಿ ಆ ಕೆಲಸ ನಡೆಯಿತು.

ಜೇನು ಅಣಬೆ ಹಾಸಿಗೆಗೆ ಯಾಕೆ ಬಂತು?

1984ರಲ್ಲಿ ಸ್ಟಾಮೆಟ್ಸ್ ತೋಟದಲ್ಲಿ ಮರದ ಚೂರಿನ ಹಾಸಿಗೆ ಮೇಲೆ ಸ್ಟ್ರೊಫೇರಿಯಾ ಅನ್ನೋ ಅಣಬೆ ಬೆಳೆಸ್ತಾ ಇದ್ದರು. ಅವರ ಪೆಟ್ಟಿಗೆಯ ಜೇನುಗಳು ಅಲ್ಲಿಗೆ ಬಂದು, ಮರದ ಚೂರು ಸರಿಸಿ, ಬಿಳಿ ಎಳೆಗಳ ಮೇಲಿನ ಹನಿ ಹೀರೋದು ಕಂಡರು. ಹೂವೂ ಇಲ್ಲ, ಮಕರಂದವೂ ಇಲ್ಲ. ಮತ್ತೆ ಯಾಕೆ? ಬಹಳ ವರ್ಷಗಳ ಮೇಲೆ ಜೇನು ಸಾಯ್ತಿರೋ ಸುದ್ದಿ ಜೋರಾದಾಗ, ಅವರು ಈ ನೆನಪು ಹಿಡಿದು ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಜೇನು ವಿಜ್ಞಾನಿ ಸ್ಟೀವ್ ಶೆಪರ್ಡ್ ಜೊತೆ ಕೈಜೋಡಿಸಿದರು.

2018ರ ಅಕ್ಟೋಬರ್‌ನಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮರದ ಮೇಲೆ ಬೆಳೆಯೋ ಅಮಡು ಮತ್ತು ರೈಶಿ ಜಾತಿಯ ಅಣಬೆಗಳ ಮೈಸೀಲಿಯಂ ಸಾರವನ್ನು ಸಕ್ಕರೆ ಪಾಕದಲ್ಲಿ ಬೆರೆಸಿ ಜೇನಿಗೆ ಕೊಟ್ಟಿದ್ದರು. ರೈಶಿ ಸಾರ ಕುಡಿದ ಕುಟುಂಬಗಳಲ್ಲಿ ರೆಕ್ಕೆ ಮುರುಟಿಸೋ ವೈರಸ್ ಮಟ್ಟ ಬರೀ ಪಾಕ ಕುಡಿದವಕ್ಕಿಂತ 79 ಪಟ್ಟು ಕಡಿಮೆ ಇತ್ತು. ಲೇಕ್ ಸಿನಾಯ್ ಅನ್ನೋ ಇನ್ನೊಂದು ವೈರಸ್ 45,000 ಪಟ್ಟು ಕಡಿಮೆ.

79 ಪಟ್ಟು ಅಂದರೆ ಶೇ. 79 ಅಲ್ಲ. ಅಲ್ಲಿ 79 ವೈರಸ್ ಇದ್ದರೆ ಇಲ್ಲಿ ಒಂದು ಅಂತ. ಹಾಗಂತ ‘79 ಪಟ್ಟು ಹೆಚ್ಚು ಜೇನು ಬದುಕಿತು’ ಅಂತಲೂ ಅಲ್ಲ. ಅಳೆದಿದ್ದು ವೈರಸ್ ಮಟ್ಟವನ್ನು, ಅದೂ ಸಣ್ಣ ಅವಧಿಯಲ್ಲಿ. ವೈರಸ್ ಇಳಿದ ಕುಟುಂಬ ಮುಂದಿನ ಚಳಿಗಾಲ ದಾಟುತ್ತಾ ಅನ್ನೋದು ಬೇರೆಯೇ ಪ್ರಶ್ನೆ.

ಅಂದಹಾಗೆ ಈ ರೈಶಿಯ ಕುಲದ ಹೆಸರು ಗ್ಯಾನೋಡರ್ಮಾ. ಅಡಿಕೆ, ತೆಂಗಿನ ಬುಡದಲ್ಲಿ ಕಂದು ಅಣಬೆ ಎದ್ದು ಮರ ಸಾಯೋ ‘ಅಣಬೆ ರೋಗ’ ಕೇಳಿದ್ದೀರಲ್ಲ? ಅದಕ್ಕೆ ಕಾರಣವೂ ಇದೇ ಕುಲದ ಶಿಲೀಂಧ್ರ. ಒಂದು ಕಡೆ ಔಷಧದ ಮೂಲ, ಇನ್ನೊಂದು ಕಡೆ ತೋಟದ ಶತ್ರು.

35 ಡಿಗ್ರಿಯ ತಡೆಗೋಡೆ

ಸಾರ ವೈರಸ್ ಇಳಿಸುತ್ತೆ. ವೈರಸ್ ಚುಚ್ಚೋ ನುಸಿ ಹಾಗೇ ಇರುತ್ತೆ. ಅದಕ್ಕೆ ಮೆಟಾರೈಜಿಯಂ ಬಿಡಬಹುದಲ್ಲ? ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಬಹಳ ವರ್ಷಗಳಿಂದ ಪ್ರಯತ್ನಿಸಿದ್ದರು. ಫಲಿತಾಂಶ ಒಮ್ಮೆ ಚೆನ್ನಾಗಿ, ಒಮ್ಮೆ ಸೊನ್ನೆ.

ಒಂದು ದೊಡ್ಡ ಕಾರಣ ಉಷ್ಣತೆ. ಜೇನು ತನ್ನ ಮರಿಗಳಿರೋ ಎರಿಯನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುತ್ತೆ. ಹೊರಗೆ ಹಿಮ ಬೀಳಲಿ, ಬಿಸಿಲು ಸುಡಲಿ, ಮರಿಗಳ ಹತ್ತಿರ ಅಷ್ಟೇ. ಮಣ್ಣಿನ ತಂಪಿನಲ್ಲಿ ಬೆಳೆದ ಮೆಟಾರೈಜಿಯಂಗೆ ಆ ಬಿಸಿ ಆಗಲ್ಲ. ನುಸಿ ಇರೋದೇ ಆ ಬೆಚ್ಚನೆ ಜಾಗದಲ್ಲಿ.

ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ ತಂಡ ಏನು ಮಾಡಿತು? ಜೆನಿಫರ್ ಹಾನ್ ಮೊದಲ ಲೇಖಕಿಯಾಗಿ, ಶೆಪರ್ಡ್, ಸ್ಟಾಮೆಟ್ಸ್ ಮತ್ತಿತರರು ಸೇರಿ 2021ರಲ್ಲಿ ಪ್ರಕಟಿಸಿದ ಕೆಲಸ ಇದು. ವಿಧಾನ ನಮ್ಮ ರೈತರು ಬಿತ್ತನೆ ಬೀಜ ಆರಿಸೋ ಹಾಗೇ ಇದೆ. ಜೇನು ಪೆಟ್ಟಿಗೆಗೆ ಶಿಲೀಂಧ್ರ ಹಾಕೋದು. ಅದರಿಂದಲೇ ಸತ್ತ ನುಸಿಗಳನ್ನು ಹುಡುಕಿ ತೆಗೆಯೋದು. ಆ ಹೆಣಗಳಿಂದ ಶಿಲೀಂಧ್ರ ಮತ್ತೆ ಬೆಳೆಸೋದು. ಅಂದರೆ ಪೆಟ್ಟಿಗೆಯ ಬಿಸಿಯಲ್ಲೂ ನುಸಿ ಕೊಂದ ತಳಿಯಷ್ಟೇ ಮುಂದಿನ ಸುತ್ತಿಗೆ ಪಾಸ್. ಲ್ಯಾಬ್‌ನಲ್ಲೂ ಬಿಸಿಗೆ ಒಡ್ಡಿ ತಾಳಿದ್ದನ್ನು ಆರಿಸೋದು. ಹೀಗೆ ಸುತ್ತು ಮೇಲೆ ಸುತ್ತು. ವಂಶವಾಹಿ ಕತ್ತರಿಸಿ ಅಂಟಿಸೋ ತಂತ್ರ ಇಲ್ಲಿಲ್ಲ, ಬರೀ ಆಯ್ಕೆ.

ಕೊನೆಗೆ ಸಿಕ್ಕ ತಳಿ ಬಿಸಿಯನ್ನು ಮೊದಲಿಗಿಂತ ಚೆನ್ನಾಗಿ ತಾಳಿತು. ನುಸಿ ಹತೋಟಿಯಲ್ಲಿ, ಜೇನುಕೃಷಿಕರು ಈಗ ಬಳಸೋ ಆಕ್ಸಾಲಿಕ್ ಆಮ್ಲಕ್ಕೆ ಹತ್ತಿರದ ಫಲ ಕೊಟ್ಟಿತು.

ಆಕ್ಸಾಲಿಕ್ ಆಮ್ಲದಷ್ಟೇ ಅಂದಮೇಲೆ ಲಾಭ ಏನು ಅಂತೀರಾ? ಒಂದೇ ಅಸ್ತ್ರ ಬಳಸಿದರೆ ಏನಾಗುತ್ತೆ ಅಂತ ಅಮಿಟ್ರಾಜ್ ತೋರಿಸಿಕೊಟ್ಟಿದೆ. ಚರ್ಮ ತೂತು ಮಾಡಿ ಒಳಗೆ ಬರೋ ಜೀವಂತ ಶತ್ರುವಿಗೆ ನಿರೋಧ ಬೆಳೆಸಿಕೊಳ್ಳೋದು ಒಂದು ರಾಸಾಯನಿಕಕ್ಕೆ ಬೆಳೆಸಿಕೊಂಡಷ್ಟು ಸುಲಭ ಅಲ್ಲ. ಬದಲಾಯಿಸಿ ಬಳಸೋಕೆ ಇನ್ನೊಂದು ಅಸ್ತ್ರ ಇದ್ದರೆ ಹಳೆಯವೂ ಹೆಚ್ಚು ಕಾಲ ಬಾಳಿಕೆ ಬರ್ತವೆ.

ನಮ್ಮ ಹೊಲಕ್ಕೆ ಇದರಲ್ಲಿ ಏನಿದೆ?

ಮೆಟಾರೈಜಿಯಂ ಕರ್ನಾಟಕದ ರೈತರಿಗೆ ಹೊಸದಲ್ಲ. ಕಬ್ಬಿನ ಬೇರು ತಿನ್ನೋ ಗೊಣ್ಣೆ ಹುಳುವಿಗೆ, ತೆಂಗಿನ ಸುಳಿ ಕೊರೆಯೋ ಕುರುವಾಯಿ ದುಂಬಿ ಮೊಟ್ಟೆ ಇಡೋ ಗೊಬ್ಬರ ಗುಂಡಿಗೆ ಇದನ್ನು ಹಾಕ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿರೋ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇಂಥ ಜೈವಿಕ ನಿಯಂತ್ರಕಗಳ ಮೇಲೆ ಕೆಲಸ ಮಾಡುತ್ತೆ. ಇಲ್ಲಿ ಬಳಸೋದು ಬೀಜಕದ ಪುಡಿ, ಸ್ಟಾಮೆಟ್ಸ್ ಹೇಳೋ ಎಳೆಯ ಮೈಸೀಲಿಯಂ ಅಲ್ಲ. ಗೊಬ್ಬರದಲ್ಲಿರೋ ಹುಳುವಿಗೆ ಕಾವಲುಗಾರರಿಲ್ಲ. ಇರುವೆ, ಗೆದ್ದಲಿನ ಹಾಗೆ ಬಾಗಿಲಲ್ಲೇ ತಡೆಯೋರು ಯಾರೂ ಇಲ್ಲ. ಹಾಗಾಗಿ ಬೀಜಕವೇ ಸಾಕು.

ಮನೆಯಲ್ಲಿ ತೋಟ ನೋಡಿಕೊಳ್ಳೋರಿಗೆ ಹೇಳಬೇಕಾದ ನಾಲ್ಕು ಮಾತು. ಇದು ಜೀವಂತ ವಸ್ತು, ಯೂರಿಯಾ ಚೀಲ ಅಲ್ಲ. ಬಿಸಿಲಿಗೆ ಇಟ್ಟರೆ ಸಾಯುತ್ತೆ, ಅವಧಿ ಮುಗಿದಿದ್ದರೆ ಬರೀ ಪುಡಿ. ಪ್ಯಾಕೆಟ್ ಮೇಲೆ ಕೇಂದ್ರೀಯ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಮತ್ತು ಜೀವಂತ ಕಣಗಳ ಎಣಿಕೆ, ಅಂದರೆ ಸಿಎಫ್‌ಯು, ಗ್ರಾಂಗೆ ಕನಿಷ್ಠ 10 ಕೋಟಿ ಅಂತ ಇದೆಯಾ ನೋಡಿ. ತೇವ ಇದ್ದಾಗ, ಸಂಜೆ ಹೊತ್ತು ಹಾಕಬೇಕು. ಶಿಲೀಂಧ್ರ ಕೊಲ್ಲೋ ಔಷಧದ ಜೊತೆ ಬೆರೆಸಬಾರದು, ಬೆರೆಸಿದರೆ ಎರಡಕ್ಕೂ ಕೊಟ್ಟ ದುಡ್ಡು ನೀರಿಗೆ.

ಇನ್ನು ನಮ್ಮ ಜೇನು. ತುಡುವೆಗೆ ವರೋವಾ ಅಷ್ಟು ದೊಡ್ಡ ಶತ್ರು ಅಲ್ಲ ಅಂದೆ. ಆದರೆ ವೈರಸ್ ಏನು ಮಾಡಬಲ್ಲದು ಅಂತ ಕೊಡಗು, ಮಲೆನಾಡು, ಕರಾವಳಿಯ ಹಿರಿಯ ಜೇನುಕೃಷಿಕರನ್ನು ಕೇಳಿ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ಸಾಕಿದ ತುಡುವೆಯ ಬಹುಪಾಲನ್ನು ಒರೆಸಿಹಾಕಿತ್ತು. ಅದಕ್ಕೆ ಅಂತ ನೇರ ಔಷಧ ಆಗ ಇರಲಿಲ್ಲ. ಹಾಗಾಗಿ ‘ಅಣಬೆ ಸಾರದಿಂದ ಜೇನಿನ ವೈರಸ್ ಇಳೀತು’ ಅನ್ನೋ ಸುದ್ದಿ ನಮಗೂ ಮುಖ್ಯ. ಆದರೆ 2018ರ ಪ್ರಯೋಗ ನಡೆದಿದ್ದು ಯುರೋಪಿಯನ್ ಜೇನಿನ ಮೇಲೆ, ಬೇರೆ ವೈರಸ್‌ಗಳ ಮೇಲೆ. ಆನ್‌ಲೈನ್‌ನಲ್ಲಿ ಸಿಗೋ ರೈಶಿ ಪುಡಿ ತಂದು ಪಾಕಕ್ಕೆ ಬೆರೆಸಿ ತುಡುವೆಗೆ ಕುಡಿಸೋಕೆ ದಯವಿಟ್ಟು ಹೋಗಬೇಡಿ. ಪ್ರಯೋಗದಲ್ಲಿ ಕೊಟ್ಟಿದ್ದು ಮೈಸೀಲಿಯಂನಿಂದ ತೆಗೆದ, ಅಳತೆ ಗೊತ್ತಿರೋ ಸಾರ. ಹಾಗೇ ತೋಟಕ್ಕೆ ತಂದ ಮೆಟಾರೈಜಿಯಂ ಪುಡಿಯನ್ನು ಜೇನುಪೆಟ್ಟಿಗೆಗೂ ಹಾಕಬೇಡಿ. ಆ ತಳಿ ಬೇರೆ, ಈ ತಳಿ ಬೇರೆ.

ಹಾಗಾದರೆ ನಂಬೋದಾ, ಬೇಡವಾ?

ಶುರುವಲ್ಲಿ ನೆನಪಿಡಿ ಅಂದ ಮಾತಿಗೆ ಬರೋಣ. ಸ್ಟಾಮೆಟ್ಸ್ ಅಣಬೆ ಉತ್ಪನ್ನ ಮಾರೋ ಕಂಪನಿಯ ಒಡೆಯ, ಪೇಟೆಂಟ್ ಹೊಂದಿದವರು, ಸಂಶೋಧನಾ ಲೇಖನಗಳಲ್ಲಿ ಲೇಖಕರೂ ಹೌದು. ಇದರಿಂದ ಫಲಿತಾಂಶ ಸುಳ್ಳು ಅಂತ ಆಗಲ್ಲ. ಅವರ ಜೊತೆ ವಿಶ್ವವಿದ್ಯಾಲಯದ ವಿಜ್ಞಾನಿಗಳಿದ್ದಾರೆ, ಲೆಕ್ಕ ಯಾರು ಬೇಕಾದರೂ ನೋಡೋ ಹಾಗೆ ಪ್ರಕಟವಾಗಿದೆ. ಆದರೆ ಅವರಿಗೆ ಸಂಬಂಧವೇ ಇಲ್ಲದ ತಂಡಗಳು, ಬೇರೆ ಹವೆಯಲ್ಲಿ, ನೂರಾರು ಕುಟುಂಬಗಳ ಮೇಲೆ, ಪೂರ್ತಿ ವರ್ಷ ಮಾಡಿ ನೋಡಿದಾಗಲೇ ರೈತನ ಕೈಗೆ ಕೊಡೋ ಧೈರ್ಯ ಬರೋದು. ಪೇಟೆಂಟ್ ಬಾಳೋದು ಅರ್ಜಿ ಹಾಕಿದ ದಿನದಿಂದ 20 ವರ್ಷ. ಆ ಲೆಕ್ಕದಲ್ಲಿ 2003ರಲ್ಲಿ ಸಿಕ್ಕ ಪೇಟೆಂಟಿನ ಅವಧಿ ಮುಗಿದಿದೆ. ಆ ಮೂಲ ಉಪಾಯ ಈಗ ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದು.

ಅಲ್ಲಿವರೆಗೆ ನಮ್ಮ ಕೈಯಲ್ಲಿರೋ ಕೆಲಸ ಸಣ್ಣದು. ಸೌತೆ, ಕಲ್ಲಂಗಡಿ, ಸೂರ್ಯಕಾಂತಿ ಹೂ ಬಿಟ್ಟಾಗ ಬೆಳಗ್ಗೆ ಔಷಧ ಹೊಡೆದರೆ ಸಾಯೋದು ಕಾಯಿ ಕಟ್ಟಿಸೋ ಜೇನೇ. ಹೊಡೆಯಲೇಬೇಕು ಅಂದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೀರಿ. ಪಕ್ಕದ ತೋಟದಲ್ಲಿ ಪೆಟ್ಟಿಗೆ ಇಟ್ಟವರಿದ್ದರೆ ಹಿಂದಿನ ದಿನವೇ ಒಂದು ಫೋನ್ ಮಾಡಿ ಹೇಳಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಜೇನು ಸಾಕೋರಿದ್ದರೆ, ಕಬ್ಬು, ತೆಂಗು ಬೆಳೆಯೋರಿದ್ದರೆ ಅವರಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ.